ಕಾದ ಕಾರ್ಡಿನ ಸೆರಗು

ಮನೆಯಲ್ಲಿ ಒಂದು ಯಂತ್ರ ಕೆಟ್ಟು ಕೂತರೆ ನಾವು ಮೊದಲು ಹುಡುಕುವುದು ಕಾರಣವನ್ನಲ್ಲ, ಅಪರಾಧಿಯನ್ನು. ಮಿಕ್ಸಿ ಸುಟ್ಟರೆ ಹೆಂಡತಿ, ರೇಡಿಯೋ ಗೊರಗೊರ ಅಂದರೆ ಅವ್ವ, ಗೋಡೆ ಗಡಿಯಾರ ನಿಂತರೆ ಅದರ ಹಿಂದೆ ಸಂಸಾರ ಹೂಡಿರುವ ಹಲ್ಲಿ. ನಮ್ಮ ಮನೆಯಲ್ಲಿ ಹೀಗೆ ತಪ್ಪು ಹಂಚುವ ಅಧಿಕಾರ ಮೊದಲಿನಿಂದಲೂ ನನ್ನದು. ಹಂಚುವವನ ಪಾಲಿಗೆ ಕೊನೆಯಲ್ಲಿ ಏನೂ ಉಳಿಯುವುದಿಲ್ಲ ಎಂಬುದೇ ಈ ಅಧಿಕಾರದ ದೊಡ್ಡ ಸುಖ. ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳು ಬರೆದ ಆನೆಗೆ ಐದನೇ ಕಾಲು ಎಲ್ಲಿಂದ ಬಂತು ಎಂದು ಇಪ್ಪತ್ತು ವರ್ಷ ವಿಚಾರಣೆ ನಡೆಸಿ ನನ್ನ ತೋರುಬೆರಳು ಚೆನ್ನಾಗಿ ಪಳಗಿದೆ. ಆ ಬೆರಳು ಒಂದು ಸಲ ತಿರುಗಿ ನನ್ನ ಕಡೆಗೇ ನಿಂತ ಕತೆಯನ್ನು ಈಗ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಕೇಳಿದರೆ ಅದು ಇನ್ನೂ ಕೆಟ್ಟದಾಗಿರುತ್ತದೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಪಾಠದ ಜತೆಗೆ ನಾನು ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರಿಗೆ ಅಂಚು, ಸೆರಗುಗಳ ಚಿತ್ತಾರ ಬರೆದುಕೊಡುತ್ತಿದ್ದೆ. ಗ್ರಾಫ್ ಕಾಗದದ ಒಂದೊಂದು ಚೌಕವೂ ಒಂದೊಂದು ಎಳೆ. ಅದನ್ನು ನೋಡಿಕೊಂಡು ಅವರು ರಟ್ಟಿಗೆ ತೂತು ಹೊಡೆದು ಮಗ್ಗದ ಮೇಲೆ ಏರಿಸುತ್ತಾರೆ. ಒಂದು ಚೌಕ ಆಚೀಚೆ ಆದರೂ ಸಾಕು, ಸೀರೆಯ ಉದ್ದಕ್ಕೂ ನವಿಲುಗಳಿಗೆ ಮೆಳ್ಳೆಗಣ್ಣು. ನನ್ನ ಕಣ್ಣು ಮಂಜಾಗುತ್ತ ಬಂದಾಗ ಮೆಳ್ಳೆ ನವಿಲುಗಳ ಸಂತತಿ ಹೆಚ್ಚಿತು. ಆಗ ಕಂಪ್ಯೂಟರ್ ತಗೋಬೇಕು ಅಂತ ತೀರ್ಮಾನವಾಯಿತು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಡಿಸೈನ್ ಕೆಲಸ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಸಾರ್" ಅಂದ. ಯಾಕೆ ಬೇಕು ಎಂದು ಕೇಳಿದರೆ ನನಗೆ ಗೊತ್ತಿಲ್ಲ ಎಂದು ಅವನಿಗೆ ಗೊತ್ತಾಗುತ್ತದಲ್ಲ! ಹಾಗಾಗಿ, "ಅದಿಲ್ಲದೆ ಆಗುತ್ತೇನಪ್ಪಾ?" ಎಂದು ನಾನೇ ಅವನನ್ನು ಗದರಿಸಿ ತೆಗೆದುಕೊಂಡೆ. ಹಸಿರು ಹಲಗೆಯಂಥದ್ದು, ಅದರ ನಡುವೆ ಕೋಡುಬಳೆಯಷ್ಟು ದೊಡ್ಡ ಒಂದು ಫ್ಯಾನು. ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಕೆಲಸ ಆ ಹಲಗೆಯದು, ಹಲಗೆಗೆ ಗಾಳಿ ಹಾಕುವ ಕೆಲಸ ಫ್ಯಾನಿನದು. ಇಷ್ಟು ವಿಷಯ ಗೊತ್ತಾದ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ಬೇರೆ ವಿಷಯ ಮಾತಾಡುವುದನ್ನೇ ಬಿಟ್ಟೆ.

ಕಂಪ್ಯೂಟರನ್ನು ನಡುಮನೆಯ ಕಿಟಕಿ ಪಕ್ಕ ಇಟ್ಟೆವು. ಅವ್ವ ಅದಕ್ಕೆ ದೂಳು ಕೂರದಿರಲಿ ಎಂದು ತನ್ನ ಕರಿ ಕಂಬಳಿಯನ್ನೇ ಹೊದಿಸಿದಳು. ಹೆಂಡತಿ ಗಿರಿಜ ಅದರ ಮುಂದೆ ದಿನಾ ಒಂದು ಎಳೆ ರಂಗೋಲಿ ಹಾಕಿ ಊದುಬತ್ತಿ ಹಚ್ಚಿದಳು. ಆ ವರ್ಷ ಆಯುಧಪೂಜೆಯನ್ನಂತೂ ನಾನೇ ಮುಂದೆ ನಿಂತು, ಯಾರನ್ನೂ ಹತ್ತಿರ ಬಿಡದೆ, ಸಾಂಗವಾಗಿ ಮಾಡಿ ಮುಗಿಸಿದೆ.

ಆಯುಧಪೂಜೆಗೆ ಸ್ವಲ್ಪ ಮುಂಚೆ ಓಬಳಪ್ಪ ಬಂದಿದ್ದರು. ಮೊಳಕಾಲ್ಮುರಿನ ನೇಕಾರರು, ಕನ್ನಡ ಮಾತಾಡುವಾಗ ಖುಷಿ ಹೆಚ್ಚಾದರೆ ತೆಲುಗಿಗೆ ಹೊರಳುವವರು. ಅವರ ಮಗಳು ರತ್ನಮ್ಮನಿಗೆ ಕಾರ್ತಿಕದಲ್ಲಿ ಮದುವೆ. "ಊರೋರ ಮಕ್ಕಳಿಗೆಲ್ಲ ಧಾರೆ ಸೀರೆ ನೇಯ್ದೀನಿ ಸಾರ್. ನನ್ನ ಮಗಳು ಏನಂತಾಳೆ ಗೊತ್ತಾ? ಆರು ವರ್ಷದವಳಿದ್ದಾಗಿಂದ ಎಳೆ ಗಂಟು ಹಾಕ್ಕೊಂಡು ಬಂದಿದೀನಿ, ನವಿಲು, ಮಾವಿನಕಾಯಿ, ಗೋಪುರ ನೋಡಿ ನೋಡಿ ಕಣ್ಣು ಸೋತೋಗೈತೆ, ಯಾರೂ ಉಟ್ಟಿರಬಾರದು ಅಂಥದ್ದು ಬೇಕು ಅಂತಾಳೆ. ನಾನು ಒಡಲು ನೇಯೋಕೆ ಶುರು ಮಾಡೀನಿ. ಸೆರಗಿನ ಹತ್ರ ಬರೋದ್ರೊಳಗೆ ಚಿತ್ತಾರ ಕೊಟ್ಟುಬಿಡ್ರಿ. ಇಲ್ದಿದ್ರೆ ಮಗ್ಗ ನಿಂತೋಗುತ್ತೆ" ಅಂದರು. ಯಾರೂ ನೋಡಿರದ ಚಿತ್ತಾರ ತಾನೇ, ಕಂಪ್ಯೂಟರ್ ಇರುವಾಗ ಅದೇನು ಮಹಾ ಎಂದು ನಾನು ಒಪ್ಪಿಕೊಂಡು, ಬಹಳ ಯೋಚಿಸಿ, ಒಂದು ನವಿಲು ಬರೆದೆ. ಹಳೆಯ ನವಿಲು ಎಡಕ್ಕೆ ನೋಡುತ್ತಿತ್ತು. ಇದು ಬಲಕ್ಕೆ ನೋಡುತ್ತಿತ್ತು.

ತೊಂದರೆ ಶುರುವಾದದ್ದು ಹಬ್ಬ ಮುಗಿದು ಒಂದು ವಾರಕ್ಕೆ. ಕಂಪ್ಯೂಟರ್ ಹಾಕಿದ ಕಾಲು ಗಂಟೆ ಎಲ್ಲ ಸರಿಯಾಗಿರುತ್ತಿತ್ತು. ಆಮೇಲೆ ನವಿಲಿನ ಮೈಮೇಲೆ ಅಮ್ಮ ಎದ್ದ ಹಾಗೆ ಕೆಂಪು, ಹಸಿರು ಚುಕ್ಕಿಗಳು. ಚುಕ್ಕಿಗಳು ಚೌಕವಾಗಿ, ಚೌಕಗಳು ಸಾಲಾಗಿ, ನವಿಲಿನ ಒಂದೇ ಕಣ್ಣು ಪರದೆಯ ತುಂಬ ನೂರು ಕಣ್ಣಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಎಲ್ಲ ಮರಗಟ್ಟಿ ನಿಂತುಬಿಡುತ್ತಿತ್ತು. ಡಬ್ಬ ಮುಟ್ಟಿದರೆ ಆಗತಾನೆ ಒಲೆಯಿಂದ ಇಳಿಸಿದ ಹಂಚು. ನಾನು ಕೂಡಲೇ ವಿಚಾರಣೆ ಆರಂಭಿಸಿದೆ. ಮೊದಲು ಅವ್ವನ ಕಂಬಳಿಗೆ ಶಿಕ್ಷೆಯಾಯಿತು. "ಅಲ್ಲಪ್ಪಾ, ಚಳಿಗಾಲದಾಗೆ ನಿನ್ನ ಹೊದಿಸಿ ಬೆಳೆಸಿದ್ದೂ ಇದೇ ಕಂಬಳಿ ಕಣೋ. ನೀನೇನು ಚುಕ್ಕಿ ಚುಕ್ಕಿ ಆದ್ಯಾ?" ಎಂದು ಅವ್ವ ಕೇಳಿದಳು. ಆಮೇಲೆ ಗಿರಿಜಳ ರಂಗೋಲಿಪುಡಿ ಮತ್ತು ಊದುಬತ್ತಿಯನ್ನು ಗಡೀಪಾರು ಮಾಡಿದೆ. ಅವಳು ಎರಡು ದಿನ ನನ್ನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಕರೆಂಟಿನವರನ್ನು ಬೈದೆ. ಚಳ್ಳಕೆರೆಯ ಬಿಸಿಲನ್ನು ಬೈದೆ. ಮೇಜಿನ ಫ್ಯಾನನ್ನು ನನ್ನಿಂದ ಕಿತ್ತು ಅದರ ಕಡೆಗೆ ತಿರುಗಿಸಿ ನಾನು ಬೆವರುತ್ತ ಕೂತೆ. ಊಹುಂ! ಕಾಲು ಗಂಟೆಗೆ ಸರಿಯಾಗಿ ನವಿಲಿಗೆ ಅಮ್ಮ ಏಳುತ್ತಿತ್ತು.

ಇಂಥ ಒಂದು ಬೆಳಿಗ್ಗೆ ಓಬಳಪ್ಪ ಮೊದಲ ಬಸ್ಸಿಗೆ ಬಂದು ಇಳಿದರು. ಸೆರಗಿಗೆ ಇನ್ನು ಐದಾರು ದಿನದ ನೇಯ್ಗೆ ಅಷ್ಟೇ ಬಾಕಿಯಂತೆ. ನಾನು ಬೇಗ ಬೇಗ ತೋರಿಸಿ ಕಾಲು ಗಂಟೆಯೊಳಗೆ ಸಾಗಹಾಕಬೇಕೆಂದು ನವಿಲನ್ನು ತೆರೆದೆ. ಅವರು ನೋಡಿದರು. ಒಳ್ಳೆಯವರು. "ಬಲಕ್ಕೆ ನೋಡ್ತೈತೆ" ಅಂದರು, ಅಷ್ಟೇ. ಆ ಒಂದು ಮಾತಿನಲ್ಲಿ ಇದ್ದ ನಿರಾಸೆಯನ್ನು ಮುಚ್ಚಲು ನಾನು ಕಂಪ್ಯೂಟರಿನ ಗುಣಗಾನ ಮಾಡುತ್ತ ಕೂತೆ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಚುಕ್ಕಿ ಎದ್ದವು. ಕಣ್ಣುಗಳು ಮೆಟ್ಟಿಲಿಳಿಯತೊಡಗಿದವು. ನಾನು ಪರದೆಗೆ ಅಡ್ಡ ಕೈ ಹಿಡಿದೆ. ಓಬಳಪ್ಪ ನನ್ನ ಕೈಯನ್ನು ಕಿತ್ತು ಸರಿಸಿ, ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಾ! ಇದಿ ಕದಾ ಸಾರ್! ಇದೇ ಅಲ್ವಾ ಮತ್ತೆ! ಇಷ್ಟೊತ್ತು ಯಾಕ್ರಿ ಬಚ್ಚಿಟ್ಟಿದ್ರಿ?"

"ಓಬಳಪ್ಪಾ, ಅದು ಚಿತ್ತಾರ ಅಲ್ರಿ, ಕಾಯಿಲೆ."

"ಏನಾದ್ರೂ ಆಗ್ಲಿ ಸಾರ್. ನನಗೆ ಇದೇ ಬೇಕು."

ಅಷ್ಟರಲ್ಲಿ ಪರದೆ ಕಪ್ಪಾಯಿತು. ಆರಿದ ಮೇಲೆ ಮತ್ತೆ ಹಾಕಿ, ಚುಕ್ಕಿ ಏಳುವವರೆಗೆ ಕಾದು, ಪ್ರಿಂಟ್ ತೆಗೆದೆ. ಕಾಗದದ ಮೇಲೆ ಬಂದದ್ದು ಚೊಕ್ಕವಾದ ನನ್ನ ನವಿಲು, ಬಲಕ್ಕೆ ನೋಡುತ್ತಿತ್ತು. ಆ ಕಾಯಿಲೆ ಪರದೆಯ ಮೇಲೆ ಏಳುತ್ತದೆಯೇ ಹೊರತು ಕಾಗದಕ್ಕೆ ಇಳಿಯುವುದಿಲ್ಲ. ಭಾನುವಾರ ಮಗಳನ್ನೇ ಕರೆದುಕೊಂಡು ಬರುತ್ತೇನೆ, ಅಷ್ಟರೊಳಗೆ ಹೇಗಾದರೂ ಅದನ್ನು ಕಾಗದಕ್ಕೆ ಇಳಿಸಿಡಿ ಎಂದು ಹೇಳಿ ಓಬಳಪ್ಪ ಹೋದರು. ನನಗೆ ಮೈಯೆಲ್ಲ ಉರಿಯಿತು. ಹದಿನೈದು ದಿನ ಕೂತು ಬರೆದ ನವಿಲಿಗಿಂತ ಅದರ ಕಾಯಿಲೆ ಚೆಂದ ಎಂದರೆ ಯಾವ ಕಲಾವಿದ ಸಹಿಸುತ್ತಾನೆ? ಕಾಯಿಲೆಯನ್ನೇ ವಾಸಿ ಮಾಡಿಬಿಟ್ಟರೆ ಓಬಳಪ್ಪನಿಗೆ ನನ್ನ ನವಿಲೇ ಗತಿ ಎಂದು ಲೆಕ್ಕ ಹಾಕಿ, ಶನಿವಾರ ಮಧ್ಯಾಹ್ನ ಖಾಸಿಂ ಸಾಹೇಬರನ್ನು ಕರೆತಂದೆ.

ಖಾಸಿಂ ಸಾಹೇಬರು ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವರು. ಊರಿಗೆ ಕಂಪ್ಯೂಟರ್ ಬಂದ ಮೇಲೆ ಅದನ್ನೂ ಬಿಚ್ಚುವುದು ಕಲಿತಿದ್ದರು. ಮೂಗೇ ಅವರ ಮೀಟರು. ಡಬ್ಬದ ಪಕ್ಕ ತೆಗೆದು ಬಗ್ಗಿ ಒಂದು ಸಲ ಮೂಸಿದರು. ಇನ್ನೊಂದು ಸಲ ಮೂಸಿದರು. "ಮಾಸ್ಟರ್ ಸಾಬ್, ಇದರಾಗೆ ಮಂಡಕ್ಕಿ ಒಗ್ಗರಣೆ ಏನಾದ್ರೂ ಹಾಕ್ತೀರಾ?" ಎಂದು ಗಂಭೀರವಾಗಿ ಕೇಳಿದರು. ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಹೊರಗೆ ಎಳೆದು ನಮ್ಮ ಮುಂದೆ ಹಿಡಿದರು. ಫ್ಯಾನು ಇದ್ದ ಜಾಗದಲ್ಲಿ ಕರಿ ಎಳ್ಳುಂಡೆಯಂಥ ಒಂದು ಮುದ್ದೆ ಇತ್ತು. ರೆಕ್ಕೆ ಅಲ್ಲಾಡುತ್ತಿರಲಿಲ್ಲ. ಮುದ್ದೆಯ ಸಂದಿನಲ್ಲಿ ಒಂದು ಕುಂಕುಮದ ಬೊಟ್ಟು. ಸಾಹೇಬರು ಮುದ್ದೆಯನ್ನು ಬೆರಳಲ್ಲಿ ಸ್ವಲ್ಪ ತೆಗೆದು ಉಜ್ಜಿ, "ಶೇಂಗಾ ಎಣ್ಣೆ. ಈ ಸಲದ್ದೇ, ಹೊಸಾದು. ಫ್ಯಾನಿಗೆ ಯಾರ್ರಿ ಇದನ್ನ ಕುಡಿಸಿದ್ದು?" ಅಂದರು.

ಅವ್ವ ನನ್ನನ್ನು ನೋಡಿದಳು. ಗಿರಿಜ ನನ್ನನ್ನು ನೋಡಿದಳು. ಗಡಿಯಾರದ ಹಿಂದಿನ ಹಲ್ಲಿ ಕೂಡ ಕತ್ತು ಹೊರಗೆ ಹಾಕಿತು ಎಂದು ನನಗೆ ಅನಿಸಿತು.

ಏನು ಹೇಳಲಿ? ನಮ್ಮಪ್ಪ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಆಯುಧಪೂಜೆಯ ದಿನ ಹೊಸ ಎಣ್ಣೆಯ ಮೊದಲ ಬಟ್ಟಲು ದೇವರ ದೀಪಕ್ಕೆ, ಎರಡನೆಯದು ಮನೆಯ ಕಬ್ಬಿಣಕ್ಕೆ. ಸೈಕಲ್ಲು, ಹೊಲಿಗೆ ಮಿಷನ್ನು, ಬಾಗಿಲ ತಿರುಗಣಿ, ಅಡಕತ್ತರಿ, ಅಪ್ಪನ ಕೊಡೆ, ಎಲ್ಲಕ್ಕೂ ಎಣ್ಣೆ. 'ಎಣ್ಣೆ ಕಾಣದ ಯಂತ್ರ ಮುನಿಸ್ಕೊಳ್ಳುತ್ತೆ' ಎಂಬುದು ಅಪ್ಪ ನನಗೆ ಬಿಟ್ಟುಹೋದ ಏಕೈಕ ವೇದವಾಕ್ಯ. ಆ ದಿನ ಕಾರ್ಡಿನ ಫ್ಯಾನು ಸಣ್ಣಗೆ ಕಿರ್ ಅನ್ನುತ್ತಿತ್ತು. ಡಬ್ಬದ ಪಕ್ಕ ಬಿಚ್ಚಿ, ಶಾಯಿ ಹಾಕುವ ಫಿಲ್ಲರಿನಿಂದ ನಾಲ್ಕು ಹನಿ ಬಿಟ್ಟೆ. ಪಾಪ, ಹೊಸದು, ದೂರದಿಂದ ಬಂದಿದೆ ಎಂದು ಇನ್ನೆರಡು ಬಿಟ್ಟೆ. ಕಿರ್ ನಿಂತಿತು, ಹೆಮ್ಮೆಯಿಂದ ಬೊಟ್ಟಿಟ್ಟೆ. ಆಮೇಲೆ ಕಂಬಳಿಯ ಉಣ್ಣೆ, ರಂಗೋಲಿಪುಡಿ, ಮಿಲ್ಲುಗಳ ಕಡೆಯಿಂದ ಕಿಟಕಿಗೆ ಹಾರಿಬರುವ ಶೇಂಗಾ ಹೊಟ್ಟಿನ ದೂಳು ಎಲ್ಲ ಬಂದು ಆ ಎಣ್ಣೆಗೆ ಅಂಟಿಕೊಂಡವು. ಇದನ್ನು ನೋಡಿದ ಕೂಡಲೇ ನನಗೆ ಸ್ವಲ್ಪ ಜೀವ ಬಂದು, "ನೋಡೇ, ಉಣ್ಣೆ ಅವ್ವನದು, ಪುಡಿ ನಿನ್ನದು" ಎಂದೆ. "ಹೌದು, ಕಲಸಿ ಉಂಡೆ ಕಟ್ಟಿದ ಕೈ ಯಾರ್ದು?" ಎಂದು ಗಿರಿಜ ಕೇಳಿದಳು. ಸಾಹೇಬರು ಮುದ್ದೆ ಕಿತ್ತು, ಯಾವುದೋ ಹಳೆಯ ಡಬ್ಬದಿಂದ ತೆಗೆದ ಫ್ಯಾನೊಂದನ್ನು ತಂತಿಯಿಂದ ಬಿಗಿದು ಕೊಟ್ಟರು. ಎರಡು ಗಂಟೆ ಓಡಿಸಿದೆವು. ಒಂದು ಚುಕ್ಕಿಯೂ ಏಳಲಿಲ್ಲ. ನವಿಲು ದಿವ್ಯ ಆರೋಗ್ಯದಿಂದ ಬಲಕ್ಕೆ ನೋಡುತ್ತಿತ್ತು.

ಭಾನುವಾರ ಬೆಳಿಗ್ಗೆ ಓಬಳಪ್ಪ ರತ್ನಮ್ಮನನ್ನು ಕರೆದುಕೊಂಡು ಬಂದರು. ಬೆರಳ ತುದಿಯಲ್ಲಿ ಎಳೆ ಕೊಯ್ದ ಗೆರೆಗಳಿದ್ದ, ಮಾತು ಕಡಿಮೆಯ ಹುಡುಗಿ. ಪರದೆಯ ಮುಂದೆ ಕೂತು ಕಾಲು ಗಂಟೆ ಕಾದಳು, ಅರ್ಧ ಗಂಟೆ ಕಾದಳು. ನಾನು ನವಿಲನ್ನು ದೊಡ್ಡದು ಮಾಡಿ ತೋರಿಸಿದೆ, ಸಣ್ಣದು ಮಾಡಿ ತೋರಿಸಿದೆ. ಅವಳು ಅಪ್ಪನ ಕಡೆ ತಿರುಗಿ, "ನೀನು ಹೇಳಿದ್ದು ಇದಲ್ಲ ಅಲ್ವಾ ಅಪ್ಪಾ?" ಎಂದು ಮೆಲ್ಲಗೆ ಕೇಳಿ, "ಇರ್ಲಿ ಬಿಡು, ಇದನ್ನೇ ನೇಯಿ" ಅಂದಳು. ಹಟ ಮಾಡಿದ್ದರೆ, ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ 'ಇರ್ಲಿ ಬಿಡು' ನನ್ನ ಎದೆಗೆ ನಾಟಿತು. ಜೀವಮಾನವೆಲ್ಲ ಬೇರೆಯವರ ಸೀರೆಗೆ ಗಂಟು ಹಾಕಿದವಳು, ತನ್ನ ಒಂದು ಸೀರೆಯನ್ನು ನನ್ನ ಹೊಟ್ಟೆಕಿಚ್ಚಿಗೆ ಬಿಟ್ಟುಕೊಡುತ್ತಿದ್ದಾಳೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಸೀದಾ ಸಾಹೇಬರ ಮನೆಗೆ ಓಡಿದೆ. "ನಿನ್ನೆ ಸರಿ ಮಾಡಿದ್ರಲ್ಲ, ಅದನ್ನ ಸ್ವಲ್ಪ ಕೆಡಿಸಿ ಕೊಡ್ರಿ."

"ಅರೆ! ತಲೆಗಿಲೆ ಸರಿ ಐತೇನ್ರಿ ಮಾಸ್ಟರ್ ಸಾಬ್? ಇಷ್ಟು ವರ್ಷದಾಗೆ ಒಬ್ಬ ಗಿರಾಕಿನೂ ಈ ಮಾತು ಕೇಳಿಲ್ಲ!" ಎಂದು ಅವರು ನೊಂದುಕೊಂಡರು. ಮದುವೆ ಹುಡುಗಿಯ ವಿಷಯ ಹೇಳಿದ ಮೇಲೆ ಚಪ್ಪಲಿ ಹಾಕಿಕೊಂಡರು.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾರಾದರೂ ನೋಡಿದ್ದರೆ ಎಲ್ಲರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಸಾಹೇಬರು ತಾವೇ ಬಿಗಿದಿದ್ದ ಫ್ಯಾನಿನ ರೆಕ್ಕೆಗೆ ಪೊರಕೆ ಕಡ್ಡಿ ಸಿಕ್ಕಿಸಿದರು. ಗಿರಿಜ ಕಿಟಕಿ ಬಾಗಿಲು ಮುಚ್ಚಿದಳು. ಗಡೀಪಾರಾಗಿದ್ದ ಕಂಬಳಿ ಮೆರವಣಿಗೆಯಲ್ಲಿ ವಾಪಸು ಬಂತು. "ಸಾಲದಿದ್ರೆ ಇನ್ನೊಂದು ಐತೆ ಕಣೋ, ತರ್ಲಾ? ಇಲ್ಲಾ ಎತ್ಕೊಂಡು ಒಲೆ ಮುಂದೆ ಇಡಾನಾ?" ಎಂದು ಅವ್ವ ಸಂಭ್ರಮದಿಂದ ಕೇಳಿದಳು. ಮುಚ್ಚಿದ ಕೋಣೆಯಲ್ಲಿ ಆರು ಜನ ಬೆವರು ಸುರಿಸುತ್ತ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಪರದೆಯನ್ನೇ ನೋಡುತ್ತ ಕೂತೆವು. ಮೊದಲ ಚುಕ್ಕಿ ಎದ್ದಾಗ ಓಬಳಪ್ಪ ಚಪ್ಪಾಳೆ ಹೊಡೆದರು. ಎರಡನೆಯದು, ಹತ್ತನೆಯದು. ನವಿಲಿನ ಕಣ್ಣುಗಳು ಬಂಗಾರದ ಚೌಕಗಳಾಗಿ ಮೆಟ್ಟಿಲು ಕಟ್ಟಿದವು, ಗರಿಯ ಹಸಿರು ತುಂಡು ತುಂಡಾಗಿ ಮೆಟ್ಟಿಲುಗಳ ನಡುವೆ ಜಾರಿ ನಿಂತಿತು. ರತ್ನಮ್ಮ ಎದ್ದು ನಿಂತಳು. "ಇದು" ಅಂದಳು. ಅಷ್ಟೇ ಮಾತು, ಆದರೆ ಮುಖ ಪರದೆಗಿಂತ ಹೊಳೆಯುತ್ತಿತ್ತು. ನಾನು ಗ್ರಾಫ್ ಕಾಗದ ಹರಡಿ ಪೆನ್ಸಿಲ್ ಹಿಡಿದೆ. ಬೆವರು ಕಣ್ಣಿಗಿಳಿದು, ಮೂರು ಚೌಕ ತುಂಬುವಷ್ಟರಲ್ಲಿ ಟಪ್ ಅಂತ ಸದ್ದಾಯಿತು. ಪರದೆ ಕಪ್ಪಾಯಿತು. ಕಂಬಳಿಯ ಅಡಿಯಿಂದ ಸುಟ್ಟ ವಾಸನೆ. ಸಾಹೇಬರು ಮೂಸಿ ನೋಡಿ, ಟೋಪಿ ಸರಿಮಾಡಿಕೊಂಡು, "ಹೋಗಿಬಿಡ್ತು, ಪಾಪ" ಅಂದರು.

ಆಗ ಗಿರಿಜ, "ಹದಿನೇಳು ಚುಕ್ಕಿ, ಒಂದು ಬಿಟ್ಟು ಒಂದು, ಒಂಬತ್ತರವರೆಗೆ. ಐದನೇ ಸಾಲಿನಾಗೆ ಜಾರ್ತೈತೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ರಂಗೋಲಿ ಬಟ್ಟಲು ಎತ್ತಿಕೊಂಡು ಬೀದಿಗೆ ನಡೆದಳು. ನಾವೆಲ್ಲ ಹಿಂದೆ ಓಡಿದೆವು. ಬಾಗಿಲ ಮುಂದೆ ಕೂತು ಚುಕ್ಕಿ ಇಡತೊಡಗಿದಳು. ಚಿಕ್ಕಂದಿನಿಂದ ದಿನಾ ಬೆಳಿಗ್ಗೆ ಚುಕ್ಕಿ ಎಣಿಸಿದ ಕೈ ಅದು. ಒಂದು ಸಲ ನೋಡಿದ್ದು ಸಾಕಾಗಿತ್ತು. ರತ್ನಮ್ಮ ಎದುರಿಗೆ ಕೂತು, "ಅಕ್ಕಾ, ಇಲ್ಲಿ ಹಸಿರು ಎರಡು ಎಳೆ, ಬಂಗಾರದ್ದು ಒಂದು" ಎಂದು ಬಣ್ಣ ನೆನಪಿಸಿದಳು. ಓಬಳಪ್ಪ ನನ್ನ ಕೈಯಿಂದಲೇ ಗ್ರಾಫ್ ಕಾಗದ ಕಿತ್ತುಕೊಂಡು ಚೌಕ ತುಂಬತೊಡಗಿದರು. ಡ್ರಾಯಿಂಗ್ ಮೇಷ್ಟ್ರಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಕೆಲಸ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಊರಾಚೆಯ ಕಾವಲಿಗೆ ಮೇಯಲು ಹೊರಟ ಇನ್ನೂರು ಕುರಿ, ಬೀದಿಯ ಎರಡೂ ಗೋಡೆ ತುಂಬಿಕೊಂಡು ಸೀದಾ ರಂಗೋಲಿಯ ಕಡೆಗೆ ಬರುತ್ತಿದ್ದವು. ಅರ್ಧ ಚಿತ್ತಾರ ಇನ್ನೂ ಕಾಗದಕ್ಕೆ ಇಳಿದಿರಲಿಲ್ಲ. ಇನ್ನೊಂದು ಸಲ ನೋಡೋಣವೆಂದರೆ ಕಾರ್ಡು ಸತ್ತುಹೋಗಿದೆ. ನಾನು ಅವ್ವನ ಕೈಯಲ್ಲಿದ್ದ ಕಂಬಳಿಯನ್ನು ಎಳೆದುಕೊಂಡು ಬೀದಿಯ ನಡುವೆ ಅಗಲವಾಗಿ ಹಿಡಿದು ನಿಂತು, "ಹೋಯ್! ಹೋಯ್!" ಎಂದು ಕೂಗಿದೆ. ಕುರಿಗಳು ಕಂಬಳಿಯನ್ನು ಮೂಸಿ, ಯಾರೋ ನೆಂಟರು ಎಂಬಂತೆ ಇನ್ನೂ ಹತ್ತಿರ ಬಂದವು. ಖಾಸಿಂ ಸಾಹೇಬರು ಸ್ಕ್ರೂಡ್ರೈವರ್ ಹಿಡಿದು ನನ್ನ ಎಡಕ್ಕೆ ನಿಂತರು, ಅವ್ವ ಪೊರಕೆ ಹಿಡಿದು ಬಲಕ್ಕೆ. ಹಿಂದಿನಿಂದ ಕುರಿ ಕಾಯುವವನು, "ಏನ್ರಿ ಮೇಷ್ಟ್ರೇ, ದಾರಿ ಬಿಡ್ರಿ! ಏನ್ ಕಾಯ್ತಿದೀರಿ ಅಲ್ಲಿ?" ಎಂದು ಕೂಗಿದ. "ಸೆರಗು ಕಣಪ್ಪಾ, ಮದುವೆ ಸೀರೆ ಸೆರಗು!" ಎಂದೆ. ಅವನು ನೆಲ ನೋಡಿದ, ನನ್ನನ್ನು ನೋಡಿದ, ಮೇಷ್ಟ್ರಿಗೆ ಬಿಸಿಲು ಬಡಿದಿದೆ ಎಂದುಕೊಂಡು ಹಿಂಡನ್ನು ನಿಲ್ಲಿಸಿದ. ಒಂದು ಟಗರು ಮಾತ್ರ ಆ ಅಷ್ಟೂ ಹೊತ್ತು ನನ್ನ ಮೊಣಕಾಲಿಗೆ ಹಣೆ ಕೊಟ್ಟು ತಳ್ಳುತ್ತಲೇ ಇತ್ತು. ಹಿಂದಿನಿಂದ ಓಬಳಪ್ಪ, "ಆಯ್ತು ಸಾರ್! ಅಯಿಪೋಯಿಂದಿ!" ಎಂದು ಕೂಗಿದಾಗ ನಾನು ಕಂಬಳಿ ಇಳಿಸಿದೆ. ಇನ್ನೂರು ಕುರಿಗಳು ಆ ಅಪರೂಪದ ಚಿತ್ತಾರವನ್ನು ತುಳಿದುಕೊಂಡು ಹೋದವು. ನಾವು ಆರೂ ಜನ ದೂಳಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಾರ್ತಿಕದಲ್ಲಿ ಮದುವೆಗೆ ಹೋದೆವು. ಧಾರೆಯ ಹೊತ್ತಿಗೆ ರತ್ನಮ್ಮ ಆ ಸೀರೆಯುಟ್ಟು ಮಂಟಪಕ್ಕೆ ಬಂದಾಗ, ಹುಟ್ಟಿದಾಗಿನಿಂದ ರೇಷ್ಮೆಯನ್ನೇ ನೋಡಿದ ಮೊಳಕಾಲ್ಮುರಿನ ಹೆಂಗಸರೂ ಕತ್ತು ಚಾಚಿ ನೋಡಿದರು. ಅವಳು ನಡೆದರೆ ಸೆರಗಿನ ಬಂಗಾರದ ಕಣ್ಣುಗಳು ಒಂದೊಂದಾಗಿ ಮೆಟ್ಟಿಲಿಳಿಯುತ್ತಿದ್ದವು. ಓಬಳಪ್ಪ ಶಾಸ್ತ್ರದಲ್ಲಿ ಮುಳುಗಿದ್ದರು. ಗಂಡಿನ ಕಡೆಯ ಹಿರಿಯ ನೇಕಾರರೊಬ್ಬರು ನನ್ನ ಕೈ ಹಿಡಿದು ಎಬ್ಬಿಸಿ, ಶಾಲು ಹೊದಿಸಿ, ಈ ಚಿತ್ತಾರ ಬರೆದ ಕೈ ಇದೇ ಎಂದು ನಾಲ್ಕು ಜನರ ಮುಂದೆ ಎತ್ತಿ ತೋರಿಸಿದರು. ನನಗೆ ರತ್ನಮ್ಮನ 'ಇರ್ಲಿ ಬಿಡು' ನೆನಪಾಯಿತು. ಇನ್ನು ಸುಳ್ಳು ಸಾಕು ಎಂದು ಗಂಟಲು ಸರಿಮಾಡಿಕೊಂಡು, "ಇದು ನಾನು ಬರೆದದ್ದಲ್ಲ. ಕಂಪ್ಯೂಟರಿನ ಕಾರ್ಡು ಕಾದು ಕೆಟ್ಟಾಗ ಮೂಡಿದ್ದು, ಅದನ್ನು ನೆನಪಿಟ್ಟು ಬರೆದವಳು ನನ್ನ ಹೆಂಡತಿ. ನಾನು ಕುರಿ ಕಾಯ್ತಿದ್ದೆ" ಎಂದು ಹೇಳಿದೆ. ಹಿರಿಯರು ಮೆಚ್ಚಿ ತಲೆದೂಗಿದರು. "ನೋಡ್ರಪ್ಪಾ, ವಿದ್ಯೆ ಇದ್ದೋರ ವಿನಯ ಅಂದ್ರೆ ಇದು!" ಅಂದರು. ದೊಡ್ಡ ಚಪ್ಪಾಳೆ ಬಿತ್ತು. ಗಿರಿಜಳಿಗೆ ಎಲ್ಲ ಹೆಂಗಸರಿಗೆ ಕೊಟ್ಟ ಹಾಗೆ ಅರಿಶಿನ ಕುಂಕುಮ, ಒಂದು ಕುಪ್ಪಸದ ಬಟ್ಟೆ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ನಾನು ಶಾಲನ್ನು ತೆಗೆದು ಅವಳ ಹೆಗಲಿಗೆ ಹಾಕಿದೆ. "ನಾನು ನಿಜ ಹೇಳಿದೆ ಕಣೇ. ಅವರು ನಂಬಲಿಲ್ಲ, ನಾನೇನು ಮಾಡಲಿ?" ಎಂದೆ. ಗಿರಿಜ ಶಾಲಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು.

"ಒಂದು ಸಲ ನಿಜ ಹೇಳಿದ್ರಿ, ಸರಿ. ಚಪ್ಪಾಳೆ ಬಿದ್ದ ಮೇಲೆ ಮತ್ತೆ ಎದ್ದು ನಿಂತು ಅದನ್ನೇ ಇನ್ನೊಂದು ಸಲ ಹೇಳಿದ್ರಲ್ಲ, ಅದು ಯಾಕ್ರಿ?"

ಎರಡನೆಯ ಸಲದ ವಿಷಯವನ್ನು, ಆಗ ಬಿದ್ದ ಇನ್ನೂ ದೊಡ್ಡ ಚಪ್ಪಾಳೆಯನ್ನು ನಿಮಗೂ ಹೇಳದೆ ದಾಟಿಬಿಡೋಣ ಎಂದುಕೊಂಡಿದ್ದೆ.